ರಾಜಮತಿ ಇಲ್ಲದೆ ಗೆದ್ದ ಫೈನಲ್

ಕಾಗವಾಡದ ಕಡೆ ಬಾಸ್ಕೆಟ್‌ಬಾಲ್ ಆಡುವವರೇ ಕಡಿಮೆ. ಆದರೂ ಹತ್ತು ಹನ್ನೆರಡು ವರ್ಷದ ಹಿಂದೆ ಅಲ್ಲಿಯ ಒಂದು ಪಿಯು ಕಾಲೇಜಿನ ಹುಡುಗಿಯರ ತಂಡ ಹೆಸರು ಮಾಡಿತ್ತು. ತಂಡದ ಹೆಸರು ಅನ್ನುವುದಕ್ಕಿಂತ ರಾಜಮತಿಯ ಹೆಸರು. ದ್ರಾಕ್ಷಿ ಬೆಳೆಯುವ ಮಹಾವೀರನ ಮಗಳು ಆಕೆ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಕಂಬಕ್ಕೆ ಅಪ್ಪ ಕಬ್ಬಿಣದ ರಿಂಗ್ ಕೂಡಿಸಿ ಕೊಟ್ಟಿದ್ದ. ಶಾಲೆಗೆ ಹೋಗುವ ಮೊದಲೂ ಬಂದ ಮೇಲೂ ಅವಳು ಅದಕ್ಕೆ ಚೆಂಡು ಎಸೆಯುತ್ತಿದ್ದಳು.

ಆಟ ಕಲಿಸುತ್ತಿದ್ದ ಮಾಳೇಶ ಸರ್ ಪ್ರತಿ ಪಂದ್ಯದ ಮೊದಲೂ ಹೇಳುತ್ತಿದ್ದುದು ಒಂದೇ ಮಾತು. "ಬಾಲ್ ಸಿಕ್ಕ ಕೂಡ್ಲೇ ರಾಜಮತಿಗಿ ಕೊಡ್ರಿ. ಉಳದದ್ದ ಆಕಿ ನೋಡ್ಕೋತಾಳ."

ಹಾಗೆಯೇ ಬೆಳಗಾವಿಯಲ್ಲಿ ನಡೆದ ವಿಭಾಗ ಮಟ್ಟದ ಸೆಮಿಫೈನಲ್ ತನಕ ಬಂದರು. ಆ ಆಟವನ್ನೂ ಗೆದ್ದರು. ಆದರೆ ಮುಗಿಯುವ ಹೊತ್ತಿಗೆ ಜಿಗಿದು ಇಳಿದ ರಾಜಮತಿಯ ಕಾಲು ಎದುರಾಳಿಯ ಬೂಟಿನ ಮೇಲೆ ಬಿದ್ದು ಉಳುಕಿತು. ಸಂಜೆಗೆ ಪಾದ ಊದಿ ಚಪ್ಪಲಿಯೂ ಹೋಗದಂತಾಯಿತು.

ಮರುದಿನದ ಫೈನಲ್ಲಿಗೆ ಅವಳು ಬೆಂಚಿನ ಮೇಲೆ ಕೂತಳು. "ಹೆಂಗ ಆಗ್ತೈತಿ ಹಂಗ ಆಡ್ರಿ," ಎಂದರು ಸರ್, ಆಗಲೇ ಸೋತವರ ದನಿಯಲ್ಲಿ.

ಹುಡುಗಿಯರು ಮೊದಮೊದಲು ತಡಬಡಿಸಿದರು. ಆಮೇಲೆ ಚೆಂಡನ್ನು ಒಬ್ಬರಿಗೊಬ್ಬರು ಕೊಡತೊಡಗಿದರು. ಎಂದೂ ರಿಂಗಿನತ್ತ ಕಣ್ಣೆತ್ತದ ತೃಪ್ತಿ ಎಂಬ ಹುಡುಗಿ ದೂರದಿಂದ ಎಸೆದು ಬಾಸ್ಕೆಟ್ ಹಾಕಿದಳು. ರಾಜಮತಿ ಎಲ್ಲರೊಡನೆ ಚಪ್ಪಾಳೆ ತಟ್ಟಿದಳು, ಆದರೆ ಎಲ್ಲರಿಗಿಂತ ಮೊದಲೇ ನಿಲ್ಲಿಸಿದಳು.

ಎದುರು ತಂಡದ ಎತ್ತರದ ಹುಡುಗಿಯೊಬ್ಬಳನ್ನು ತಡೆಯಲಾಗದೆ ಕಿರಿಯ ಆಟಗಾರ್ತಿ ಭಾಗ್ಯಾ ಹೈರಾಣಾಗಿದ್ದಳು. ಆ ಹುಡುಗಿ ಪ್ರತಿ ಸಲ ಬಲಕ್ಕೇ ತಿರುಗುತ್ತಾಳೆ, ಎಡಗೈ ಓಡುವುದಿಲ್ಲ ಎಂಬುದು ಬೆಂಚಿನಲ್ಲಿದ್ದ ರಾಜಮತಿಗೆ ಕಂಡಿತ್ತು. ಬಿಡುವಿನಲ್ಲಿ ಭಾಗ್ಯಾ ಪಕ್ಕಕ್ಕೆ ಬಂದು ಕೂತಳು.

"ಅಕ್ಕಾ, ಆಕೀನ್ನ ಹೆಂಗ ಹಿಡೀಲಿ? ನಿನಗೇನರ ಕಾಣಾಕತ್ತೈತೇನ?"

"ಏನಿಲ್ಲವ್ವಾ. ಆಕಿ ಚಲೋ ಆಡಾಕತ್ತಾಳ, ಅಷ್ಟ."

ತಾನಿಲ್ಲದೆ ಇವರು ಗೆಲ್ಲಬಾರದು ಎಂಬ ಆಸೆ ತನ್ನೊಳಗಿದೆ ಎಂದು ಆ ಗಳಿಗೆಯಲ್ಲಿ ರಾಜಮತಿಗೆ ಗೊತ್ತಾಯಿತು. ಗೊತ್ತಾದರೂ ಬಾಯಿ ಬಿಡಲಿಲ್ಲ.

ಆಟ ಮತ್ತೆ ಶುರುವಾದಾಗ ಭಾಗ್ಯಾ ಯಾರೂ ಹೇಳದೆಯೇ ಬಲಗಡೆ ಅಡ್ಡ ನಿಂತಳು. ಎತ್ತರದ ಹುಡುಗಿ ಕಂಗಾಲಾದಳು. ಒಂದೇ ಬಾಸ್ಕೆಟ್ಟಿನ ಅಂತರದಲ್ಲಿ ಫೈನಲ್ ಇವರದಾಯಿತು.

"ರಾಜೀ, ಬಾರೇ ಫೋಟೋಕ್ಕ!" ತೃಪ್ತಿ ಕೂಗಿದಳು.

"ಕಾಲ ನೋಯಾಕತ್ತೈತಿ. ನೀವ ತಕ್ಕೋರಿ."

ರಾಜ್ಯ ಮಟ್ಟದ ಪಂದ್ಯಕ್ಕೆ ಇನ್ನೂ ಸಮಯವಿತ್ತು. ಅಷ್ಟರಲ್ಲಿ ಕಾಲು ನೆಟ್ಟಗಾಯಿತು. ಆದರೆ ಸರ್ ಕರೆಯಲು ಮನೆಗೆ ಬಂದಾಗ ಅವಳು ಕುಂಟುತ್ತಲೇ ಚಹಾ ತಂದುಕೊಟ್ಟಳು. ತಂಡ ಅವಳನ್ನು ಬಿಟ್ಟು ಹೋಯಿತು, ಮೊದಲ ಆಟದಲ್ಲೇ ಸೋತು ಬಂತು. "ರಾಜಮತಿ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ" ಎಂದು ಊರವರು ಅಂದಾಗ ಅವಳಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ತನ್ನ ಮೇಲೇ ಹೇಸಿಗೆಯೂ ಆಯಿತು. ಅಲ್ಲಿಂದ ಮುಂದೆ ಚೆಂಡು ಮುಟ್ಟಲಿಲ್ಲ. ಡಿಗ್ರಿ ಮುಗಿಸಿದಳು, ರಾಯಬಾಗದ ಸಂದೇಶನನ್ನು ಮದುವೆಯಾಗಿ ಅವನ ಡ್ರಿಪ್ ಪೈಪಿನ ಅಂಗಡಿಯಲ್ಲಿ ಕೂತಳು.

ಹೋದ ವರ್ಷ ಚಿಕ್ಕೋಡಿಯ ಒಂದು ಮದುವೆಯಲ್ಲಿ ಭಾಗ್ಯಾ ಸಿಕ್ಕಳು. ಈಗ ಅವಳೇ ಶಾಲೆಯೊಂದರಲ್ಲಿ ಆಟ ಕಲಿಸುತ್ತಾಳೆ. ಊಟದ ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತಾಗ ರಾಜಮತಿಗೆ ತಡೆಯಲಾಗಲಿಲ್ಲ.

"ಆವತ್ತ ನನಗ ಕಂಡಿತ್ತ, ಭಾಗ್ಯಾ. ಆಕಿ ಬಲಕ್ಕ ಅಷ್ಟ ತಿರಗತಿದ್ಲು. ನಾ ನಿನಗ ಹೇಳಲಿಲ್ಲ."

ಭಾಗ್ಯಾ ಹೋಳಿಗೆ ಮುರಿಯುತ್ತಲೇ ಅಂದಳು. "ಗೊತ್ತೈತಿ ಅಕ್ಕಾ. ಮಾತಾಡೂ ಮುಂದ ನೀ ಆಕಿ ಬಲಗೈನ ನೋಡಾಕತ್ತಿದ್ದಿ. ನಿನ್ನ ಕಣ್ಣ ನೋಡೇ ನಾ ತಿಳಕೊಂಡ್ನಿ. ಆದ್ರ ಆಮ್ಯಾಲ ನೀ ಆಡಾಕ ಯಾಕ ಬರಲಿಲ್ಲ? ನಾವ್ ಗೆದ್ದಿದ್ದಕ್ಕ ನೀ ಸಿಟ್ಟಾದಿ ಅಂತ ತೃಪ್ತಿ ಭಾಳ ಅತ್ತಿದ್ಲು."

ರಾಜಮತಿ ಬಡಿಸಿದ್ದನ್ನು ಹಾಗೇ ಬಿಟ್ಟು ಎಲೆ ಮಡಚಿದಳು.

ವಾಪಸ್ ಹೋಗುವಾಗ ಕಾರು ಓಡಿಸುತ್ತಿದ್ದ ಸಂದೇಶ ಕೇಳಿದ: "ಯಾರ ಆಕಿ? ಭಾಳ ಹೊತ್ತ ಮಾತಾಡಾಕತ್ತಿದ್ರಿ."

"ಕಾಲೇಜಿನ್ಯಾಗ ಕೂಡಿ ಆಡ್ತಿದ್ವಿ."

"ಹೌದಲಾ, ನೀ ಆಡ್ತಿದ್ದಿ ಅಂತ ಮಾವಾರು ಒಮ್ಮೆ ಅಂದಿದ್ರು. ಏನರ ಗೆದ್ದಿದ್ರೇನ?"

ಕಾರು ಮುಂದಿದ್ದ ಕಬ್ಬಿನ ಟ್ರ್ಯಾಕ್ಟರನ್ನು ದಾಟಿತು.

"ಹ್ಞೂಂ," ಅಂದಳು. "ಅವ್ರ ಗೆದ್ದಿದ್ರು."