ಫೋನೋ ಗೈಬುಸಾಬನೂ ಬೋರವ್ವನ ಪ್ಲೇಟೂ

ಟಿಕೋಟಾದ ಗೈಬುಸಾಬನನ್ನು ಕಂಡು ಈಗಿನ ಹುಡುಗರು ನಗುತ್ತಾರೆ. ಸೈಕಲ್ಲಿನ ಹಿಂದೆ ಕಟ್ಟಿದ, ಚಾವಿ ಕೊಟ್ಟು ಹಾಡಿಸುವ ಫೋನೋ ಪೆಟ್ಟಿಗೆ, ಹೆಗಲಿಗೆ ಅದರ ಹಿತ್ತಾಳೆಯ ತುತ್ತೂರಿ, ಅರವತ್ತು ದಾಟಿದ ಮನುಷ್ಯ. ಅಜ್ಜ ಅಜ್ಜಿಯನ್ನು ಹೊತ್ತುಕೊಂಡು ಹೊರಟಾನ ಎಂದು ಆಡಿಕೊಳ್ಳುತ್ತಾರೆ. ನಗುವ ಮಕ್ಕಳಿಗೆ ಒಂದು ಮಾತು ಗೊತ್ತಿಲ್ಲ. ಅವರ ಅಪ್ಪಂದಿರ ಮದುವೆಯಲ್ಲಿ ಹಾಡಿದ್ದು ಇದೇ ಪೆಟ್ಟಿಗೆ. ಬಬಲೇಶ್ವರದಲ್ಲಿ ಒಬ್ಬ ಗೌಡ, ಗೈಬುಸಾಬ ಬರುವ ತನಕ ಅಕ್ಷತೆ ತಡೆದು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಹೂರ್ತ ಮೀರಿತೆಂದು ಅಯ್ಯನವರು ಒದರುತ್ತಿದ್ದರು. ಗೌಡ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಸ್ಟೋವು, ಗ್ಯಾಸಬತ್ತಿ ರಿಪೇರಿ ಮಾಡುವವನು. ಹೆಸರು ಶಿವಯೋಗೆಪ್ಪ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟೆ. ಫೋನೋದ ಒಳಗಿನ ಸ್ಪ್ರಿಂಗು ಮುರಿದಾಗಲೆಲ್ಲ ಗೈಬುಸಾಬ ನನ್ನ ಅಂಗಡಿಗೆ ಬರುತ್ತಿದ್ದ. ನಾನು ಪಟ್ಟಿ ಕಾಯಿಸಿ, ರಿವೆಟ್ಟು ಬಡಿದು ಕೊಡುತ್ತಿದ್ದೆ. ಹಾಗೆ ಬೆಳೆದದ್ದು ನಮ್ಮ ಗೆಳೆತನ.

ಇಸವಿ ಎಪ್ಪತ್ತರ ಸುಮಾರಿಗೆ ಸಿಕಂದರ ಎಂಬವನು ಮೈಕ್ ಸೆಟ್ಟು ತಂದ. ಕಂಬಕ್ಕೆ ಎರಡು ಹಾರ್ನು ಕಟ್ಟಿದರೆ ಮೂರು ಹಳ್ಳಿಗೆ ಕೇಳುತ್ತಿತ್ತು. ಮದುವೆಗಳೆಲ್ಲ ಅವನ ಪಾಲಾದವು. ಉಳಿದ ಮನೆಗಳಿಗೆ ಟ್ರಾನ್ಸಿಸ್ಟರು ಬಂತು. ಕುರಿ ಕಾಯುವವನ ಕೊರಳಲ್ಲೂ ಅದೇ. ಬಳಿಕ ಗಾಂಧಿ ಚೌಕದ ಅಂಗಡಿಗಳಲ್ಲಿ ಫೋನೋದ ಮುಳ್ಳು ಬರುವುದೇ ನಿಂತುಹೋಯಿತು. ಫೋನೋಕ್ಕೆ ಉಕ್ಕಿನ ಮುಳ್ಳು ಬೇಕು, ಹಾಡಿನ ಪ್ಲೇಟಿನ ಒಂದು ಮಗ್ಗುಲು ಹಾಡಿದರೆ ಸವೆದು ಹೋಗುತ್ತದೆ. ಕೇಳಿದರೆ ಅಂಗಡಿಯವನು, ಇನ್ನೂ ಜೀವಂತ ಅದೀರೇನು ಎನ್ನುವಂತೆ ನೋಡುತ್ತಿದ್ದ. ಆ ನೋಟಕ್ಕೆ ನನಗೆ ಅವನ ಗಲ್ಲಾಪೆಟ್ಟಿಗೆ ಬೀದಿಗೆ ಎಸೆಯಬೇಕೆನಿಸಿತು. ಗೈಬುಸಾಬ ಹೊರಗೆ ಬಂದ. ಮರುವಾರ ಡೋಣಿ ಹೊಳೆಯ ದಂಡೆಯ ಜಾಲಿಮುಳ್ಳು ಮುರಿದು ತಂದು, ಒಣಗಿಸಿ, ಬ್ಲೇಡಿನಿಂದ ಓರೆಯಾಗಿ ಹೆರೆದು ಫೋನೋಕ್ಕೆ ಸಿಕ್ಕಿಸಿದ. ಹಾಡಿತು! ದನಿ ಸಣ್ಣದು, ಆದರೆ ಮೆತ್ತಗೆ, ಕಿವಿಯ ಹತ್ತಿರವೇ ಕುಳಿತು ಹೇಳಿದಂತೆ.

ಅವನ ಹತ್ತಿರ ಅರವತ್ತರ ಮೇಲೆ ಪ್ಲೇಟುಗಳಿದ್ದವು. ಅದರಲ್ಲೊಂದು ಬಿಜ್ಜರಗಿಯ ಬೋರವ್ವನದು. ಬೋರವ್ವ ಹರೆಯದಲ್ಲಿ ಬೀಸುವ ಪದ ಹಾಡುವುದರಲ್ಲಿ ಹೆಸರಾದವಳು. ಯಾವುದೋ ಕಂಪನಿಯವರು ಹುಬ್ಬಳ್ಳಿಗೆ ಬಂದಾಗ ಊರ ದೇಸಾಯಿ ಕರೆದೊಯ್ದು ಎರಡು ಮಗ್ಗುಲು ಹಾಡಿಸಿದ್ದನಂತೆ. ಅವಳಿಗೆ ಒಂದು ಸೀರೆ ಕೊಟ್ಟರು, ಪ್ಲೇಟು ಕೊಡಲಿಲ್ಲ. ಅದು ಮುಂದೆ ಗೈಬುಸಾಬನಿಗೆ ಸಿಕ್ಕಿತು. ಬಿಜ್ಜರಗಿಯ ಮೇಲೆ ಹಾದರೆ ಅವಳ ಕಟ್ಟೆಗೆ ಕುಳಿತು ಒಮ್ಮೆ ಹಚ್ಚಿಯೇ ಮುಂದೆ ಹೋಗುತ್ತಿದ್ದ. ಆ ಪದದ ಇನ್ನೊಂದು ಪ್ಲೇಟನ್ನು ನಾವು ಯಾರೂ ಎಲ್ಲೂ ಕಂಡಿಲ್ಲ.

ಎಪ್ಪತ್ನಾಲ್ಕರ ಸುಗ್ಗಿಯಲ್ಲಿ ಬೋರವ್ವ ಅವನಿಗೆ ಹೇಳಿ ಕಳಿಸಿದಳು. ಹೋದರೆ, ಮುದುಕಿ ಅವನ ಮೋರೆಯ ಹತ್ತಿರ ಬಂದು ಅಂದಳಂತೆ:

“ಕಿವಿ ಮುಚ್ಚಾಕತ್ತಾವಲೇ ಗೈಬ್ಯಾ. ಪೂರ್ತಿ ಹೋಗೂದ್ರಾಗ ನನ್ನ ದನಿ ನನಗ ಒಮ್ಮೆ ಕೇಳಸು.”

ಬರುವ ಸೋಮವಾರ ತರುತ್ತೇನೆಂದು ಗೈಬುಸಾಬ ಮಾತು ಕೊಟ್ಟು ಬಂದ. ಪ್ಲೇಟುಗಳು ಆಗ ನನ್ನ ಅಂಗಡಿಯಲ್ಲಿದ್ದವು. ಅವನ ಮನೆಯ ಮಾಳಿಗೆ ಬಿಚ್ಚಿ ಹೊಸದಾಗಿ ಮಣ್ಣು ಹಾಕುತ್ತಿದ್ದರು, ಬಿಸಿಲಿಗೆ ಪ್ಲೇಟು ಹಪ್ಪಳದಂತೆ ಡೊಂಕಾಗುತ್ತವೆ ಎಂದು ಪೆಟ್ಟಿಗೆಯನ್ನು ನನ್ನಲ್ಲಿ ಇಟ್ಟಿದ್ದ. ಇಡುವಾಗ ಒಂದು ಮಾತು ಹೇಳಿದ್ದ.

“ಬ್ಯಾಡಾದ್ದೂ ಅದಾವ ಇದರಾಗ. ಜಿಲಾನಿಗೆ ಅರಗು ಬೇಕಂದ್ರ ಕೊಡು. ಸುಣ್ಣದ ಬೊಟ್ಟು ಇಟ್ಟೇನಿ, ನೋಡಿ ಕೊಡು.”

ಜಿಲಾನಿ ಗಾಂಧಿ ಚೌಕದ ಹತ್ತಿರ ಕುಡುಗೋಲಿಗೆ, ಚೂರಿಗೆ ಹಿಡಿಕೆ ಕೂಡಿಸುವವನು. ಹಿಡಿಕೆಯ ತೂತಿಗೆ ಅರಗು ಕರಗಿಸಿ ಹೊಯ್ದು ಅಲಗು ಸಿಕ್ಕಿಸುತ್ತಾನೆ. ಹಳೆಯ ಪ್ಲೇಟಿನಲ್ಲೂ ಅರಗು ಇರುತ್ತದೆ, ಆದ್ದರಿಂದ ಒಡೆದ ಪ್ಲೇಟು ಸಿಕ್ಕರೆ ಅವನಿಗೆ ಹಬ್ಬ. ಒಂದು ದಿನ ಬಂದು ಕೇಳಿದ. ನಾನು ಪೆಟ್ಟಿಗೆ ತೆರೆದೆ. ಎಂಟು ಪ್ಲೇಟಿಗೆ ಸುಣ್ಣದ ಬೊಟ್ಟಿತ್ತು. ಎತ್ತಿ ಕೊಟ್ಟುಬಿಟ್ಟೆ.

ನನ್ನ ಕಸುಬಿನಲ್ಲಿ ಸುಣ್ಣದ ಬೊಟ್ಟು ಅಂದರೆ ಸತ್ತ ಮಾಲು. ರಿಪೇರಿಗೆ ಬಾರದ ಸ್ಟೋವಿಗೆ ಒಂದು ಬೊಟ್ಟಿಟ್ಟು ಮೂಲೆಗೆ ಒಗೆಯುತ್ತೇವೆ. ಅಕ್ಷರ ಬಾರದ ಗೈಬುಸಾಬ ಎಲೆಯಡಿಕೆಯ ಸುಣ್ಣದಿಂದ ಬೊಟ್ಟಿಡುತ್ತಿದ್ದದ್ದು ಯಾರಿಗೂ ಕೊಡಬಾರದ ಪ್ಲೇಟುಗಳಿಗೆ. ಅವನಿಗೆ ಓದು ಬರುವುದಿಲ್ಲ, ಸರಿ. ನನಗೆ ಬರುತ್ತಿತ್ತಲ್ಲ! ಆ ಎಂಟರಲ್ಲಿ ಒಂದರ ನಡುವಿನ ಕಾಗದದ ಮೇಲೆ ಕನ್ನಡದಲ್ಲೇ ಬೋರವ್ವ ಬಿಜ್ಜರಗಿ ಎಂದು ಅಚ್ಚಾಗಿತ್ತು. ನಾಲ್ಕು ಇಯತ್ತೆ ಕಲಿತ ಕಣ್ಣು ಬೊಟ್ಟು ನೋಡಿತು, ಅಕ್ಷರ ನೋಡಲಿಲ್ಲ. ನಾನು ಕಲಿತ ಸಾಲಿಗೆ ಬೆಂಕಿ ಬೀಳಲಿ.

ಸೋಮವಾರಕ್ಕೆ ಮೂರು ದಿನ ಇರುವಾಗ ಗೈಬುಸಾಬ ಪ್ಲೇಟು ಒಯ್ಯಲು ಬಂದ. ಪೆಟ್ಟಿಗೆ ಹುಡುಕಿದ, ಮತ್ತೆ ಹುಡುಕಿದ, ನನ್ನ ಮುಖ ನೋಡಿದ. ಇಬ್ಬರೂ ಜಿಲಾನಿಯ ಕಡೆ ಓಡಿದೆವು. ಎಂಟೂ ಕರಗಿದ್ದವು. ಆ ಅರಗು ಕುಡುಗೋಲಿನ ಹಿಡಿಕೆ ಸೇರಿ ಬಬಲೇಶ್ವರದ ಸಂತೆಗೆ ಹೋಗಿಯೂ ಆಗಿತ್ತು. ನಾನು ಜಿಲಾನಿಯನ್ನು ಅವನ ಏಳು ತಲೆಮಾರು ಹಿಡಿದು ಬೈದೆ. ಅವನು ಕುಲುಮೆಯಿಂದ ತಲೆ ಎತ್ತಲಿಲ್ಲ.

“ನೀವ ತಂದ ಕೊಟ್ರಿ, ನೀವ ಬೈತೀರಿ. ನಾ ಯಾರಿಗೆ ಬೈಲಿ, ಹೇಳ್ರಿ?”

ಮರುದಿನ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ. ಯಾಕೆ ಹೋದೆನೋ ನನಗೇ ತಿಳಿಯದು. ಜಿಲಾನಿಯ ಒಂದು ಕುಡುಗೋಲು ಕೊಂಡು, ರಸ್ತೆಯ ಕಲ್ಲಿಗೆ ಬಡಿದು ಹಿಡಿಕೆ ಸೀಳಿದೆ. ಒಳಗೆ ಕರಿ ಅರಗು. ಮತ್ತೇನಿರಬೇಕಿತ್ತು? ಸಂತೆಯ ಜನ ನನ್ನನ್ನು ಹುಚ್ಚನೆಂದುಕೊಂಡು ದಾರಿ ಬಿಟ್ಟರು.

ಗೈಬುಸಾಬ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಅವನು ಬೈಯದಿದ್ದುದಕ್ಕೇ ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಾನೊಂದು ಉಪಾಯ ತೆಗೆದೆ. ಮುದುಕಿಗೆ ಕಿವಿ ಅರ್ಧ ಹೋಗಿವೆ. ಬೇರೊಬ್ಬ ಹೆಂಗಸಿನ ಪ್ಲೇಟು ಹಚ್ಚಿದರೆ ಗೊತ್ತಾಗುವುದಿಲ್ಲ. ಗೈಬುಸಾಬ ಬೇಡವೆಂದ. ನಾನು ಕೇಳಲಿಲ್ಲ, ಕೈ ಹಿಡಿದು ಎಳೆದುಕೊಂಡೇ ಹೋದೆ.

ಸೋಮವಾರ ಹೊತ್ತೇರುವ ಮೊದಲೇ ಬಿಜ್ಜರಗಿಯಲ್ಲಿದ್ದೆವು. ಬೋರವ್ವ ತಲೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಕಟ್ಟೆಯ ಮೇಲೆ ಕಾದಿದ್ದಳು. ಅವಳ ಮಗ ಅಮೋಘಿ ಪಡಸಾಲೆಯಲ್ಲಿ ಟ್ರಾನ್ಸಿಸ್ಟರು ಹಚ್ಚಿಕೊಂಡು ಮಲಗಿದ್ದ. ಸಣ್ಣದು ಮಾಡು ಎಂದರೆ, ಬಾಜಾರಭಾವ ಬರುವ ಹೊತ್ತು ಎಂದು ಮಗ್ಗುಲಾದ. ನಾನು ಒಳಗೆ ಹೋಗಿ ಟ್ರಾನ್ಸಿಸ್ಟರಿನ ಬೆನ್ನು ಬಿಚ್ಚಿ ಶೆಲ್ಲುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಅಮೋಘಿ ಎದ್ದು ಕುಳಿತ. ನನ್ನ ಮೋರೆ ನೋಡಿ ಮತ್ತೆ ಮಲಗಿದ.

ಗೈಬುಸಾಬ ಚಾವಿ ತಿರುವಿದ, ಜಾಲಿಮುಳ್ಳು ಇಟ್ಟ. ಬೋರವ್ವ ತುತ್ತೂರಿಯ ಬಾಯಿಗೆ ಕಿವಿ ಒತ್ತಿ ಕಣ್ಣು ಮುಚ್ಚಿದಳು. ಹಾಡು ಮುಗಿಯುವ ತನಕ ಅಲುಗಲಿಲ್ಲ. ಗೆದ್ದೆವು ಎಂದುಕೊಂಡೆ. ಅವಳು ತಲೆ ಎತ್ತಿ ಸೆರಗು ಸರಿಮಾಡಿಕೊಂಡಳು.

“ಯಾರ ಈಕಿ? ಛಲೋ ಹಾಡ್ಯಾಳ. ಹಂ, ಇನ್ನ ನಂದು ಹಚ್ಚು.”

ಗೈಬುಸಾಬ ಮುಳ್ಳು ಎತ್ತಿಟ್ಟ. ಹೇಳುವುದು ನನ್ನ ಪಾಲಿಗೇ ಬಂತು. ಅವಳ ಕಿವಿಯಲ್ಲಿ ಒದರಿ ಒದರಿ ಹೇಳಿದೆ. ಬೊಟ್ಟು, ಜಿಲಾನಿ, ಕುಡುಗೋಲು, ಎಲ್ಲವನ್ನೂ ಇಡೀ ಓಣಿಗೆ ಕೇಳುವಂತೆ. ಮುದುಕಿ ಮೊದಲು ನನಗೆ ಉಗಿದಳು. ಕೈಗೆ ಸಿಕ್ಕ ಕಸಬರಿಗೆಯಿಂದ ಹೊಡೆದಳು, ನಾನು ಹೊಡೆಸಿಕೊಂಡೆ. ಆಮೇಲೆ ಗೈಬುಸಾಬನ ಕಡೆ ತಿರುಗಿದಳು. ಒಂದು ಪ್ಲೇಟು ಕಾಯಲು ಬರಲಿಲ್ಲ, ನಿನ್ನ ಕೈಗೆ ಸಿಕ್ಕಿದ್ದೇ ತಪ್ಪು, ನೀನೇ ನನ್ನ ದನಿಯ ಕುತ್ತಿಗೆ ಕೊಯ್ದೆ ಎಂದಳು. ಅಲ್ಲಿಗೆ ಗೈಬುಸಾಬನ ಮೂವತ್ತು ವರ್ಷದ ಸಮಾಧಾನ ಹರಿಯಿತು.

“ಯಕ್ಕಾ, ನೀ ಈ ಕಟ್ಟಿ ಬಿಟ್ಟ ಎದ್ದಿಲ್ಲ. ನಿನ್ನ ಹೊತಗೊಂಡ ಊರೂರು ತಿರಿಗ್ಯಾಂವ ನಾನು. ಬಿಸಲಾಗ ನನ್ನ ಟವೆಲ್ಲು ನಿನಗ ಹೊದಿಸಿ, ನಾ ಬರೀ ತಲೀಲೆ ಹೋಗೇನಿ. ನನಗೇನ ಹೇಳ್ತಿ?”

ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೋರವ್ವನಿಗೂ ಪೂರ್ತಿ ಕೇಳಿಸಿತು. ಕಸಬರಿಗೆ ಕೆಳಗಿಟ್ಟಳು.

“ಯಾವ್ಯಾವ ಊರಾಗ ಹಚ್ಚೀದಿ? ಹೇಳು.”

ಗೈಬುಸಾಬ ಹಲ್ಲು ಕಚ್ಚಿಕೊಂಡೇ ಹೇಳತೊಡಗಿದ. ಬಬಲೇಶ್ವರದ ಗೌಡರ ಮದುವೆ. ಟಿಕೋಟಾದಲ್ಲಿ ಮಾಸುಮಬಿಯ ತೊಟ್ಟಿಲು, ಅಲ್ಲಿ ಬಾಣಂತಿ ಮೂರು ಸಲ ಹಚ್ಚಿಸಿದಳು. ಯಾರು ಅತ್ತರು, ಯಾರು ಬೀಸುವ ಕಲ್ಲು ನಿಲ್ಲಿಸಿ ಬಂದರು, ಯಾರು ಅರ್ಧಕ್ಕೇ ಎದ್ದು ಹೋದರು, ಒಂದನ್ನೂ ಬಿಡಲಿಲ್ಲ. ಪ್ರತಿ ಊರಿಗೂ ಅವಳು ಇನ್ನೂ ಗಟ್ಟಿ ಹೇಳೆಂದು ಗದರುತ್ತಿದ್ದಳು. ಕೂಗಿ ಕೂಗಿ ಅವನ ದನಿ ಒಡೆಯಿತು. ನೀರು ಕೊಡೆಂದು ಅಮೋಘಿಗೆ ಅವಳೇ ಒದರಿದಳು. ಒಂದೂರಲ್ಲಿ ಮೈಕಿನ ಜನ ಸೇರಿ, ನಿಲ್ಲಿಸು ಮುದುಕಿಯ ಅಳು ಎಂದು ಕೂಗಿದ್ದನ್ನೂ ಅವನು ಮುಚ್ಚಿಡಲಿಲ್ಲ.

“ನೀ ಏನ ಮಾಡಿದಿ?”

“ತಿರುವಿ, ಇನ್ನೊಂದ ಮಗ್ಗಲಾ ಹಚ್ಚಿದೆ.”

“ಛಲೋ ಮಾಡಿದಿ” ಎಂದಳು. ಮೋರೆ ಮಾತ್ರ ಸಡಿಲಲಿಲ್ಲ.

ಯುಗಾದಿಯ ಹೊತ್ತಿಗೆ ಅವಳ ಕಿವಿ ಪೂರ್ತಿ ಮುಚ್ಚಿದವು. ಗೈಬುಸಾಬ ಈಗಲೂ ಆ ದಾರಿಯಲ್ಲಿ ಹೋದರೆ ಅವಳ ಕಟ್ಟೆಗೆ ಕೂಡುತ್ತಾನೆ, ಅವಳು ರೊಟ್ಟಿ ಕೊಡುತ್ತಾಳೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ತಿರುಗಿಸಲಿ. ಅವಳ ಜಾಗದಲ್ಲಿ ನಾನಿದ್ದರೆ ಬರೀ ಕಸಬರಿಗೆ ಏಟಿಗೆ ಮುಗಿಸುತ್ತಿರಲಿಲ್ಲ.