ಕೊನೆಯ ಸಾಲಿನಿಂದ ಎದ್ದ ಕೈ

ಅಂಕಲ್ ಕೈ ಎತ್ತಿದರೆ ಮೊದಲು ಕಾಣುತ್ತಿದ್ದದ್ದು ಅವರ ಬೂದು ಸ್ವೆಟರಿನ ಮೊಣಕೈಯ ತೂತು. ವರ್ಷಕ್ಕೊಂದು ಶನಿವಾರ, ಸಾಫ್ಟ್‌ವೇರ್ ಬರೆಯುವ ನಮ್ಮ ಕನ್ನಡದವರನ್ನೆಲ್ಲ ಈ ಪರದೇಶದ ಕ್ಯಾಂಟನ್ ಊರಿನ ಬಾಡಿಗೆ ಹಾಲಿನಲ್ಲಿ ಸೇರಿಸಿ, ನಾವೆಲ್ಲ ಅಂಕಲ್ ಎನ್ನುತ್ತಿದ್ದ ಅವರು ಸಮ್ಮೇಳನ ನಡೆಸುತ್ತಿದ್ದರು. ಯಾರ ಭಾಷಣವೇ ಇರಲಿ, ಕೊನೆಯ ಸಾಲಿನಿಂದ ಮೊದಲ ಪ್ರಶ್ನೆ ಅವರದೇ. ಅದೂ ಎಂಥ ಪ್ರಶ್ನೆ? ಕಾಲೇಜು ಹುಡುಗರು ಮುಸಿಮುಸಿ ನಗುವಂಥದ್ದು. ವಿಕ್ಸಮ್‌ನ ಕಾರು ಬಿಡಿಭಾಗಗಳ ಕಂಪನಿಯಲ್ಲಿ ಮೂವತ್ತು ವರ್ಷ ಪ್ರೋಗ್ರಾಂ ಬರೆದವರಿಗೆ ಇಷ್ಟೂ ಗೊತ್ತಿಲ್ಲವೇ ಎಂದು ನನಗೆ ಸೋಜಿಗ. ಕೆದಕುವ ಚಟ ನನ್ನದು, ಒಮ್ಮೆ ಕೇಳಿಯೇಬಿಟ್ಟೆ.

"ನೀನೂ ಒಂದ್ಸಲ ಮಾತಾಡಮ್ಮ, ಆಮೇಲೆ ಹೇಳ್ತೀನಿ" ಎಂದರು.

ಹಾಗೆ ಸಿಕ್ಕಿಬಿದ್ದೆ. ನಾಲ್ಕು ಜನರ ಮೀಟಿಂಗಿನಲ್ಲೂ ನಾಲಿಗೆ ಒಣಗುವವಳು ನಾನು. ಆಫೀಸಿನಲ್ಲಿ ನಾನು ಮಾಡಿದ ಕೆಲಸವನ್ನು ಬೇರೆಯವರು ನಿಂತು ವಿವರಿಸುತ್ತಿದ್ದರು, ನಾನು ಕೂತು ತಲೆಯಾಡಿಸುತ್ತಿದ್ದೆ. ಈ ಸಲವೂ ಬಾಯಿ ಬಿಡದಿದ್ದರೆ ಇನ್ನೆಂದೂ ಬಿಡಲಾರೆ ಎಂಬ ಹೆದರಿಕೆ ಹತ್ತಿತು.

ಸಮ್ಮೇಳನಕ್ಕೆ ಒಂದು ವಾರ ಮೊದಲು ಅಂಕಲ್ ಫೋನ್ ಮಾಡಿದರು. ಪಾರ್ಕಿಂಗ್ ಹಿಂದುಗಡೆ, ಊಟಕ್ಕೆ ಬಿಸಿಬೇಳೆಬಾತ್ ಎಂದೆಲ್ಲ ಹೇಳಿದ ಮೇಲೆ, "ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಹೇಳೋವಂಥದ್ದು ನಿನ್ ಟಾಕ್‌ನಲ್ಲಿ ಯಾವ್ದಮ್ಮ?" ಎಂದರು.

"ಒಂದೇ ಆರ್ಡರ್ ಸಿಸ್ಟಮ್ಮಿಗೆ ಎರಡು ಸಲ ಬಂದ್ರೆ ಹೇಗೆ ಕಂಡುಹಿಡಿಯೋದು ಅನ್ನೋದು, ಅಂಕಲ್."

"ಸರಿ" ಎಂದು ಇಟ್ಟುಬಿಟ್ಟರು.

ಸಮ್ಮೇಳನದ ದಿನ ಐದನೇ ನಿಮಿಷಕ್ಕೇ ಲ್ಯಾಪ್‌ಟಾಪ್ ಕೈ ಕೊಟ್ಟಿತು. ತೋರಿಸಬೇಕಾದದ್ದೆಲ್ಲ ಅದರಲ್ಲೇ ಇತ್ತು. ಸಾರಿ ಎಂದು ವೇದಿಕೆ ಇಳಿಯಲು ಹೊರಟೆ. ಹಿಂದಿನಿಂದ ಆ ಮೊಣಕೈ ಎದ್ದಿತು.

"ಲ್ಯಾಪ್‌ಟಾಪ್ ಹಾಗಿರ್ಲಿ ಬಿಡಮ್ಮ. ಒಂದೇ ಆರ್ಡರ್ ಎರಡು ಸಲ ಬಂದ್ರೆ ಹೇಗೆ ಗೊತ್ತಾಗುತ್ತೆ? ನಂಗೆ ಅದೇ ಅರ್ಥ ಆಗಿಲ್ಲ."

ಹುಡುಗರು ನಕ್ಕರು. ನನ್ನ ಬಾಯಿ ಮಾತ್ರ ತಾನಾಗಿ ತೆರೆಯಿತು. ಬೋರ್ಡಿನ ಮೇಲೆ ಗೀಚುತ್ತ ಇಪ್ಪತ್ತು ನಿಮಿಷ ಮಾತಾಡಿದೆ. ಊಟದ ಹೊತ್ತಿಗೆ ಪ್ಲೇಟು ಹಿಡಿದೇ ಅಂಕಲ್ ಬೆನ್ನು ಹತ್ತಿದೆ.

"ನಿಮಗದು ಗೊತ್ತಿತ್ತು ಅಲ್ವಾ ಅಂಕಲ್?"

"ನಿಂಗೂ ಗೊತ್ತಿತ್ತಲ್ಲ" ಎಂದು ಹಪ್ಪಳ ಮುರಿದರು.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ರಾಚೆಸ್ಟರ್ ಹಿಲ್ಸ್‌ನ ಅವರ ಮನೆಗೆ ಹೋದಾಗ ಆಂಟಿ ಒಂದು ಶೂ ಡಬ್ಬಿ ಕೊಟ್ಟರು. "ಇನ್ಮೇಲೆ ಸಮ್ಮೇಳನಾನ ನೀನೇ ನೋಡ್ಕೋಬೇಕಂತೆ" ಎಂದರು. ಒಳಗೆ ಇಷ್ಟು ವರ್ಷ ಮಾತಾಡಿದವರ ಹೆಸರಿನ ಕಾರ್ಡುಗಳು; ಒಂದೊಂದರ ಹಿಂದೆಯೂ ಒಂದೊಂದು ಪ್ರಶ್ನೆ. ಹುಡುಗರು ನಕ್ಕ ಪ್ರಶ್ನೆಗಳೆಲ್ಲ ಅಲ್ಲಿದ್ದವು. ನನ್ನ ಕಾರ್ಡು ಸಿಕ್ಕಾಗ ಅಳು ತಡೆಯಲಾಗಲಿಲ್ಲ.

ಈ ವರ್ಷ ಮೊದಲ ಸಲ ಮಾತಾಡಲು ಬಂದ ಹುಡುಗಿಯೊಬ್ಬಳು ನಡುವೆಯೇ ತಡವರಿಸಿ ನಿಂತಳು. ಕೊನೆಯ ಸಾಲಿನಲ್ಲಿದ್ದ ನಾನು ಕೈ ಎತ್ತಿ, ವಾರದ ಹಿಂದೆ ಫೋನಿನಲ್ಲಿ ಅವಳೇ ನನಗೆ ವಿವರಿಸಿದ್ದನ್ನು ಕೇಳಿದೆ. ಇಷ್ಟೂ ಗೊತ್ತಿಲ್ಲವೇ ಎಂಬಂತೆ ಮುಂದಿನ ಸಾಲಿನ ಹುಡುಗರಿಬ್ಬರು ತಿರುಗಿ ನೋಡಿ ನಕ್ಕರು. ಅಷ್ಟರಲ್ಲಿ ಅವಳು ಮಾತಾಡತೊಡಗಿದ್ದಳು.