ಬರ್ಕೆಟ್ ಮನೆಯ ಅಲಮಾರಿಗೆ ಕಾಲು ಬಂದದ್ದು

ನನ್ನ ತಮ್ಮ ಲ್ಯಾಂಟಿ ಬರ್ಕೆಟ್ ಐವತ್ತು ದಾಟಿದರೂ ಮದುವೆಯಾಗದೆ ಉಳಿದದ್ದು ಒಂದು ಓಕ್ ಮರದ ಅಲಮಾರಿಯಿಂದ. ನಗಬೇಡಿ. ಅದರ ಧೂಳು ಒರೆಸಿ ಒರೆಸಿ ನನ್ನ ಕೈ ಸವೆದಿದೆ, ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ನಮ್ಮ ಟ್ರೌಟ್‌ಬೆಕ್ ಕಣಿವೆಯ ಹಳೇ ಮನೆಗಳಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ಮನೆ ಕಟ್ಟುವಾಗಲೇ ಅಡ್ಡಗೋಡೆಗೆ ಸೇರಿಸಿ ಕೂರಿಸಿದ್ದು. ಒಳಗೆ ಓಟ್ಸ್ ರೊಟ್ಟಿ, ಬಾಗಿಲ ಮೇಲೆ ಬಳ್ಳಿಯ ಕೆತ್ತನೆ, ಅದರ ನಡುವೆ ಮೂರು ಅಕ್ಷರ. ಮೇಲಿನದು ಮನೆತನದ್ದು, ಕೆಳಗಿನವು ಗಂಡ ಹೆಂಡಿರದು. ನಮ್ಮದರಲ್ಲಿ ಮೇಲೆ ಬಿ, ಕೆಳಗೆ ಎಲ್ ಮತ್ತು ಪಿ. ಮುನ್ನೂರು ವರ್ಷದ ಹಿಂದಿನ ಲಾರೆನ್ಸ್, ಅವನ ಹೆಂಡತಿ ಪ್ರೂಡೆನ್ಸ್. ಇಷ್ಟೇ ಸಂಗತಿ. ನಮ್ಮಪ್ಪ ಲೂಕ ಮಾತ್ರ ಅದನ್ನು ಹಣೆಬರಹವೆಂದೇ ನಂಬಿ, ಮಾರ್ಗರೆಟ್ ಎಂಬ ನಮ್ಮಮ್ಮನನ್ನು ಮದುವೆಯ ಮರುದಿನದಿಂದ ಪೆಗಿ ಮಾಡಿಬಿಟ್ಟ. ಸಾಯುವಾಗ ಮಗನಿಗೂ ಪಿ ಅಕ್ಷರದವಳನ್ನೇ ಕಟ್ಟಿಕೊಳ್ಳಬೇಕೆಂದು ಹೇಳಿ ಸತ್ತ.

ಪೆನಿ ಎಂಬವಳಿಗೆ ಲ್ಯಾಂಟಿ ಹಿಡಿಸಲಿಲ್ಲ. ಹೆಸರಲ್ಲೇ ತಾಳ್ಮೆಯಿದ್ದ ಪೇಷನ್ಸ್ ಇವನ ಬಾಯಿ ಬಿಡಿಸಲಾರದೆ ತಾಳ್ಮೆಗೆಟ್ಟು ಕುರಿ ವ್ಯಾಪಾರಿಯನ್ನು ಕಟ್ಟಿಕೊಂಡಳು. ಊರಲ್ಲಿ ಉಳಿದ ಪಿ ಎಂದರೆ ಪಾದ್ರಿಗಳ ಬೆಕ್ಕು ಪಾಲಿ.

ಆಮೇಲೆ ಅಂಚೆ ಕಚೇರಿ ನೋಡಿಕೊಳ್ಳಲು ಕಾಕರ್ಮತ್ ಕಡೆಯಿಂದ ರೂತ್ ಎಂಬ ವಿಧವೆ ಬಂದಳು. ಯಾರಿಗೂ ಕಾಗದ ಬರೆಯದ ನನ್ನ ತಮ್ಮ ದಿನಾ ಸ್ಟಾಂಪು ಕೊಳ್ಳತೊಡಗಿದ. ಮೂರು ವರ್ಷ ಕೊಂಡ. ಮದುವೆಯ ಮಾತು ಮಾತ್ರ ಎತ್ತಲಿಲ್ಲ.

"ಕೇಳಿದ್ಯೇನೋ? ರೂತ್ ಸೋಮವಾರ ತಂಗಿ ಮನೆಗೆ ಹೊರಟ್ಲಂತೆ. ಇನ್ನು ಬರಲ್ವಂತೆ," ಎಂದೆ ಒಂದು ದಿನ.

"ಅವಳು ಆರ್ ಅಲ್ವಾ ಅಕ್ಕ," ಎಂದ.

"ಹೌದಪ್ಪ. ನೀನು ಅಲಮಾರಿ ಜೊತೆನೇ ಸಂಸಾರ ಮಾಡು. ನಾನು ಸತ್ತ ಮೇಲೆ ಅದೇ ನಿಂಗೆ ಟೀ ಕಾಸಿ ಕೊಡುತ್ತೆ."

ಅವತ್ತು ಅವನು ಊಟ ಮುಟ್ಟಲಿಲ್ಲ.

ಭಾನುವಾರ ಚರ್ಚಿನಿಂದ ಬಂದು ನೋಡುತ್ತೇನೆ, ನೆಲದ ತುಂಬ ಮರದ ಚಕ್ಕೆ. ಲ್ಯಾಂಟಿ ಉಳಿ ಹಿಡಿದು ಬಿಳಿಚಿಕೊಂಡು ನಿಂತಿದ್ದಾನೆ. ಮುನ್ನೂರು ವರ್ಷದ ಪಿ ಅಕ್ಷರಕ್ಕೆ ಒಂದು ಕಾಲು ಕೆತ್ತಿ ಅದನ್ನು ಆರ್ ಮಾಡಿದ್ದಾನೆ!

"ಕುಂಟ್ತಾ ಇದೆಯಲ್ಲೋ," ಎಂದೆ.

"ಕುಂಟಿದ್ರೂ ಆರ್ ತಾನೆ?" ಎಂದವನೇ ಟೋಪಿ ಮರೆತು ಓಡಿದ.

ರೂತಳನ್ನು ಕರೆದುಕೊಂಡೇ ಬಂದ. ಅವಳು ಆ ಸೊಟ್ಟ ಕಾಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ನಗು ತಡೆಯಲಾರದೆ ಬೆಂಚಿನ ಮೇಲೆ ಕುಸಿದಳು.

"ಚರ್ಚಲ್ಲಿ ನಂಗಿಟ್ಟ ಹೆಸರು ಪ್ರಿಸಿಲ್ಲಾ. ರೂತ್ ನನ್ನ ಎರಡನೇ ಹೆಸರು, ಅಷ್ಟೇ."

"ಪಿ?" ಎಂದ ಲ್ಯಾಂಟಿ. "ಅಲಮಾರಿ ವಿಷಯ ಊರಿಗೆಲ್ಲ ಗೊತ್ತು. ಮೊದ್ಲೇ ಹೇಳ್ಬಾರದಿತ್ತಾ?"

"ಹೇಳಿದ್ದಿದ್ರೆ ನಿಮ್ಮ ಅಲಮಾರಿ ನನ್ನ ಕೇಳ್ತಿತ್ತು. ನೀವು ಕೇಳ್ಲಿ ಅಂತ ಕಾದೆ."

"ಈ ಕಾಲನ್ನ ಮೇಣ ತುಂಬಿ ಮುಚ್ಚಿಬಿಡ್ಲಾ?"

"ಮುಟ್ಟಿ ನೋಡಿ, ಸೋಮವಾರದ ಬಸ್ಸು ಇನ್ನೂ ಹೋಗಿಲ್ಲ," ಎಂದಳು. ನಗುತ್ತಿದ್ದವಳ ಕಣ್ಣಲ್ಲಿ ನೀರು. ಲ್ಯಾಂಟಿಯೂ ಅಳುತ್ತಿದ್ದ. ನಾನೂ ಅತ್ತೆ, ಏನಿವಾಗ?